ರಟ್ಟಿನ ಪೆಟ್ಟಿಗೆ ಕುಸಿಯುವುದೇಕೆ? ಓದುಗರ ಪ್ರಶ್ನೆ, ಪರಿಣತರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕರುಗೇಟೆಡ್ ಬಾಕ್ಸ್, ಅಂದರೆ ಚಪ್ಪಟೆ ಕಾಗದಗಳ (ಲೈನರ್) ನಡುವೆ ಅಲೆಯಾಗಿ ಮಡಿದ ಕಾಗದ (ಫ್ಲೂಟ್) ಅಂಟಿಸಿ ಮಾಡಿದ ಪೆಟ್ಟಿಗೆ ಕುರಿತವು. ಕೆಲವು ಮಾನೋ ಕಾರ್ಟನ್, ಅಂದರೆ ಒಂದೇ ಬೋರ್ಡ್ ಹಾಳೆ ಮಡಿಸಿ ಮಾಡಿದ ಸಣ್ಣ ಪೆಟ್ಟಿಗೆಯ ಬಗ್ಗೆಯೂ ಇವೆ. ಬಾಕ್ಸ್ ಮಾಡುವವರು ಮತ್ತು ಕೊಳ್ಳುವವರು ಇಬ್ಬರೂ ಕೇಳಿದ್ದಾರೆ. ಒಂದೇ ವಿಷಯಕ್ಕೆ ಹಲವರು ಬರೆದಿದ್ದಲ್ಲಿ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಮ್ಮ ಗೋಡಂಬಿ ತಿರುಳನ್ನು 11.34 ಕೆಜಿಯ ಎರಡು ವ್ಯಾಕ್ಯೂಮ್ ಪೌಚ್‌ಗಳಲ್ಲಿ, ಅಂದರೆ ಬಾಕ್ಸಿಗೆ 22.68 ಕೆಜಿಯಂತೆ ತುಂಬುತ್ತೇವೆ. 5 ಪ್ಲೈ (ಐದು ಪದರದ) ಬಾಕ್ಸ್. ಬರ್ಸ್ಟಿಂಗ್ ಪರೀಕ್ಷೆಯಲ್ಲಿ ಪಾಸಾಗಿದೆ. ಆರು ಎತ್ತರಕ್ಕೆ ಒಟ್ಟಿದರೆ ಬೇಸಿಗೆಯಲ್ಲಿ ಏನೂ ಆಗುವುದಿಲ್ಲ. ಮಳೆಗಾಲದಲ್ಲಿ ಕೆಳಗಿನ ಸಾಲು ಹೊಟ್ಟೆ ಉಬ್ಬಿ ಕುಸಿಯುತ್ತದೆ. ಬಿಎಸ್ (ಬರ್ಸ್ಟಿಂಗ್ ಸ್ಟ್ರೆಂಗ್ತ್, ಹಾಳೆ ಒಡೆಯುವ ಒತ್ತಡ) ಹೆಚ್ಚಿಸಿದರೆ ಸರಿಹೋಗುತ್ತದೆಯೇ?
— ಉಗ್ರಾಣದ ಮೇಲ್ವಿಚಾರಕರು, ಕಾರ್ಕಳ

ಉತ್ತರ: ಬಿಎಸ್ ಹೆಚ್ಚಿಸಿದರೆ ಖರ್ಚು ಹೆಚ್ಚುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಬರ್ಸ್ಟಿಂಗ್ ಪರೀಕ್ಷೆಯಲ್ಲಿ ರಬ್ಬರ್ ಪೊರೆಯೊಂದು ಹಾಳೆಯನ್ನು ಒಂದು ಕಡೆಯಿಂದ ಒತ್ತಿ ಒಡೆಯುತ್ತದೆ. ಒಳಗಿನ ಮಾಲು ಗೋಡೆಯನ್ನು ಹರಿದು ಹೊರಬರುವುದೇ, ಎತ್ತಿಹಾಕುವಾಗ ಬಾಕ್ಸ್ ತಡೆಯುವುದೇ ಎಂಬುದಕ್ಕೆ ಅದು ಉತ್ತರ. ನಿಮ್ಮ ಕೆಳಗಿನ ಸಾಲು ಹೊರುತ್ತಿರುವುದು ಮೇಲಿನಿಂದ ನೇರವಾಗಿ ಇಳಿಯುವ ಭಾರ. ಅದನ್ನು ಅಳೆಯುವ ಪರೀಕ್ಷೆಗಳು ಬೇರೆ. ನಿಲ್ಲಿಸಿದ ಹಾಳೆಯ ತುಂಡನ್ನು ಅಂಚಿನಿಂದ ಒತ್ತುವುದು ಇಸಿಟಿ (ಎಜ್ ಕ್ರಷ್ ಟೆಸ್ಟ್). ಇಡೀ ಬಾಕ್ಸನ್ನೇ ಎರಡು ಚಪ್ಪಟೆ ತಟ್ಟೆಗಳ ನಡುವೆ ಒತ್ತುವುದು ಕಂಪ್ರೆಷನ್ ಪರೀಕ್ಷೆ. ಅಮೆರಿಕದ ಸಾಗಣೆ ನಿಯಮಗಳು 1991ರಲ್ಲೇ ಬರ್ಸ್ಟಿಂಗ್ ಬದಲಿಗೆ ಇಸಿಟಿಯನ್ನೂ ಒಪ್ಪಿಕೊಂಡವು. ನಮ್ಮಲ್ಲಿ ಇನ್ನೂ ಬಹಳಷ್ಟು ಖರೀದಿ ಆದೇಶಗಳು ಬಿಎಸ್ ಒಂದನ್ನೇ ಬರೆಯುತ್ತವೆ. ಕಳೆದುಕೊಳ್ಳುವವರು ಕೊಳ್ಳುವವರೇ.

ನಿಮ್ಮ ಲೆಕ್ಕವನ್ನೇ ಮಾಡೋಣ. ತುಂಬಿದ ಬಾಕ್ಸ್ ಸುಮಾರು 24 ಕೆಜಿ. ಆರು ಎತ್ತರ ಎಂದರೆ ಕೆಳಗಿನದರ ಮೇಲೆ ಐದು ಬಾಕ್ಸ್, 120 ಕೆಜಿ. ಹಾಗಾದರೆ 120 ಕೆಜಿ ತಡೆಯುವ ಬಾಕ್ಸ್ ಸಾಕೇ? ಸಾಲದು. ಪ್ರಯೋಗಾಲಯದಲ್ಲಿ ಬಾಕ್ಸನ್ನು ಒಣ ಹವೆಯಲ್ಲಿ ಒಂದೆರಡು ನಿಮಿಷ ಮಾತ್ರ ಒತ್ತುತ್ತಾರೆ. ಉಗ್ರಾಣದಲ್ಲಿ ಅದು ತಿಂಗಳುಗಟ್ಟಲೆ ಹೊರಬೇಕು. ಉದ್ಯಮದಲ್ಲಿ ಬಳಕೆಯಲ್ಲಿರುವ ಅಂದಾಜು ಹೀಗಿದೆ: ತಿಂಗಳ ಕಾಲ ಭಾರ ಹೊತ್ತರೆ ಶಕ್ತಿಯ ಶೇ 60ರಷ್ಟು ಉಳಿಯುತ್ತದೆ. ಗಾಳಿಯ ತೇವಾಂಶ ಶೇ 50 ಇದ್ದಾಗಿನ ಶಕ್ತಿಗೆ ಹೋಲಿಸಿದರೆ ಶೇ 60ರಲ್ಲಿ ಹತ್ತನೇ ಒಂದು ಭಾಗ, ಶೇ 80ರಲ್ಲಿ ಸುಮಾರು ಮೂರನೇ ಒಂದು ಭಾಗ, ಶೇ 90ರಲ್ಲಿ ಅರ್ಧಕ್ಕೂ ತುಸು ಹೆಚ್ಚು ಶಕ್ತಿ ಹೋಗುತ್ತದೆ. ಸಾಲು ನೇರವಾಗಿಲ್ಲದಿದ್ದರೆ ಇನ್ನೂ ಶೇ 10–15 ಕಡಿಮೆ.

ಒಣ ಊರಿನಲ್ಲಿ, ತೇವಾಂಶ ಶೇ 60 ಇದ್ದಾಗ: 0.9 × 0.6 × 0.85 = 0.46. 120 ಕೆಜಿಯನ್ನು ಇದರಿಂದ ಭಾಗಿಸಿದರೆ ಸುಮಾರು 260 ಕೆಜಿ. ಅಂದರೆ ಪ್ರಯೋಗಾಲಯದಲ್ಲಿ 260 ಕೆಜಿ ತಡೆದ ಬಾಕ್ಸ್ ಅಲ್ಲಿ ಸಾಕು. ಕರಾವಳಿಯ ಮಳೆಗಾಲದಲ್ಲಿ, ಶೇ 90ರಲ್ಲಿ: 0.48 × 0.6 × 0.85 = 0.245. ಅದೇ 120 ಕೆಜಿಗೆ ಈಗ 490 ಕೆಜಿಯ ಬಾಕ್ಸ್ ಬೇಕು. ನಿಮ್ಮ ಬಾಕ್ಸ್ ಬೇಸಿಗೆಯಲ್ಲಿ ನಿಂತು ಮಳೆಯಲ್ಲಿ ಕುಸಿಯುವುದಕ್ಕೆ ಕಾರಣ ಇಷ್ಟೇ. ವ್ಯಾಕ್ಯೂಮ್ ಪೌಚ್ ಗಟ್ಟಿಯಾಗಿ ಕಂಡರೂ ಬಾಕ್ಸಿನ ಮೇಲ್ಮೈವರೆಗೆ ತುಂಬಿ ನಿಲ್ಲದಿದ್ದರೆ ಭಾರ ಹೊರುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಂಥ ಹಾಳೆಯಿಂದ 490 ಕೆಜಿ ಬರುತ್ತದೆ? ಇದಕ್ಕೆ 1963ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದ ಕಾಗದ ಸಂಶೋಧನಾ ಸಂಸ್ಥೆಯ ಮೆಕೀ ಮತ್ತು ಸಂಗಡಿಗರು ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ಇಸಿಟಿಯನ್ನು 5.87ರಿಂದ ಗುಣಿಸಿ, ಹಾಳೆಯ ದಪ್ಪ ಮತ್ತು ಬಾಕ್ಸಿನ ಸುತ್ತಳತೆಗಳ ಗುಣಲಬ್ಧದ ವರ್ಗಮೂಲದಿಂದ ಮತ್ತೆ ಗುಣಿಸಬೇಕು. ಬಾಕ್ಸ್ 400 × 300 ಮಿ.ಮೀ. ಎಂದಿಟ್ಟುಕೊಂಡರೆ ಸುತ್ತಳತೆ 1.4 ಮೀಟರ್. 5 ಪ್ಲೈ ಹಾಳೆಯ ದಪ್ಪ 6 ಮಿ.ಮೀ. ಆಗ ವರ್ಗಮೂಲ 0.0917. ಇಸಿಟಿ ಮೀಟರಿಗೆ 5.5 ಕಿಲೋನ್ಯೂಟನ್ ಇದ್ದರೆ ಬಾಕ್ಸ್ ಸುಮಾರು 300 ಕೆಜಿ ತಡೆಯುತ್ತದೆ. 490 ಕೆಜಿಗೆ ಸುಮಾರು 9 ಕಿಲೋನ್ಯೂಟನ್ ಬೇಕು. ಅದು ಒಳ್ಳೆಯ ಕಾಗದದ, ಒಳ್ಳೆಯ ಅಂಟಿನ, ದುಬಾರಿ ಹಾಳೆ. ಈ ಸೂತ್ರ ಸಾಮಾನ್ಯ ನಾಲ್ಕು ಮುಚ್ಚಳದ ಬಾಕ್ಸಿಗೆ ಮಾತ್ರ, ಅದೂ ಎತ್ತರ ತೀರಾ ಕಡಿಮೆ ಇಲ್ಲದಿದ್ದರೆ. ಹಣ್ಣಿನ ತಟ್ಟೆಯಂಥ ಗಿಡ್ಡ ಪೆಟ್ಟಿಗೆಗೆ ಹೊಂದುವುದಿಲ್ಲ.

ಆದ್ದರಿಂದ ಕಾಗದಕ್ಕೆ ದುಡ್ಡು ಸುರಿಯುವ ಮೊದಲು ಉಗ್ರಾಣ ನೋಡಿ. ಬಾಕ್ಸಿನ ಭಾರದಲ್ಲಿ ಹೆಚ್ಚಿನ ಪಾಲು ಹೊರುವುದು ನಾಲ್ಕು ಮೂಲೆಗಳು. ಮೂಲೆಯ ಮೇಲೆ ಮೂಲೆ ಕೂರಬೇಕು. ಇಟ್ಟಿಗೆ ಕಟ್ಟುವ ಹಾಗೆ ಒಂದರ ಮೇಲೊಂದು ಅಡ್ಡ ಕೂರಿಸಿದರೆ ಗೋಪುರ ಅಲುಗಾಡುವುದಿಲ್ಲ ನಿಜ, ಆದರೆ ಶಕ್ತಿಯ ಅರ್ಧದಷ್ಟು ಕಳೆದುಹೋಗಬಹುದು. ಪ್ಯಾಲೆಟ್ ಅಂಚಿನಿಂದ ಬಾಕ್ಸ್ ಹೊರಚಾಚಿದರೂ ಶೇ 20ರಿಂದ 40 ನಷ್ಟ. ನೆಟ್ಟಗೆ ಒಟ್ಟಿ, ಮೇಲಿನ ಎರಡು ಸಾಲಿಗೆ ಮಾತ್ರ ಪಟ್ಟಿ ಅಥವಾ ಸ್ಟ್ರೆಚ್ ಫಿಲ್ಮ್ ಸುತ್ತಿ. ನೆಲಕ್ಕೆ ಪ್ಯಾಲೆಟ್, ಗೋಡೆಯಿಂದ ಒಂದಡಿ ದೂರ, ಮಳೆಗಾಲದಲ್ಲಿ ನಾಲ್ಕು ಎತ್ತರ ಮಾತ್ರ. ಆಗ ಕೆಳಗಿನ ಬಾಕ್ಸಿನ ಮೇಲೆ 72 ಕೆಜಿ, ಬೇಕಾದದ್ದು 295 ಕೆಜಿ. ಈಗಿರುವ ಬಾಕ್ಸೇ ಸಾಕಾಗಬಹುದು.

ಪ್ರಶ್ನೆ: ಬಾಕ್ಸ್ ಪೂರೈಸುವವರು "5 ಪ್ಲೈ, ಮೇಲಿನದು 150 ಜಿಎಸ್‌ಎಂ 20 ಬಿಎಫ್, ಉಳಿದದ್ದು 120" ಎಂದು ಬಿಲ್ಲಿನಲ್ಲಿ ಬರೆಯುತ್ತಾರೆ. ಅದು ನಿಜವೇ ಎಂದು ಯಂತ್ರವಿಲ್ಲದೆ ತಿಳಿಯುವುದು ಹೇಗೆ? ಬಿಎಫ್ ಮತ್ತು ಬಿಎಸ್ ಎರಡೂ ಒಂದೇ ಏನು?
— ಸಿದ್ಧ ಉಡುಪು ಘಟಕದ ಖರೀದಿ ವಿಭಾಗದವರು, ಬೆಂಗಳೂರು

ಉತ್ತರ: ಒಂದೇ ಅಲ್ಲ. ಬಿಎಸ್ ಎಂಬುದು ಕಾಗದ ಒಡೆಯುವ ಒತ್ತಡ, ಚದರ ಸೆಂ.ಮೀ.ಗೆ ಇಷ್ಟು ಕೆಜಿ ಎಂದು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ. ಬಿಎಫ್ (ಬರ್ಸ್ಟ್ ಫ್ಯಾಕ್ಟರ್) ಎಂದರೆ ಒಡೆಯುವ ಒತ್ತಡವನ್ನು ಗ್ರಾಂಗೆ ತಿರುಗಿಸಿ ಜಿಎಸ್‌ಎಂನಿಂದ ಭಾಗಿಸಿದ್ದು, ಕಾಗದದ ಗುಣವನ್ನು ತೂಕದಿಂದ ಬೇರ್ಪಡಿಸಿ ಹೇಳುವ ಅಂಕಿ. ಹಿಂದುಮುಂದಾಗಿ: ಬಿಎಸ್ = ಜಿಎಸ್‌ಎಂ × ಬಿಎಫ್ ÷ 1000. 150 ಜಿಎಸ್‌ಎಂ, 20 ಬಿಎಫ್ ಕಾಗದಕ್ಕೆ 3.0 ಕೆಜಿ. ಇಡೀ ಹಾಳೆಗೆ ಉದ್ಯಮದ ವಾಡಿಕೆಯ ಲೆಕ್ಕ: ಲೈನರ್‌ಗಳ ಬಿಎಸ್ ಪೂರ್ತಿ, ಫ್ಲೂಟ್‌ಗಳದ್ದು ಅರ್ಧ. ಮಧ್ಯದ ಮತ್ತು ಕೆಳಗಿನ ಲೈನರ್ 120 ಜಿಎಸ್‌ಎಂ 18 ಬಿಎಫ್, ಎರಡೂ ಫ್ಲೂಟ್ 120 ಜಿಎಸ್‌ಎಂ 16 ಬಿಎಫ್ ಎಂದಾದರೆ 3.0 + 2.16 + 2.16 + 0.96 + 0.96 = ಸುಮಾರು 9.2 ಕೆಜಿ.

ತೂಕ ಪರೀಕ್ಷಿಸಲು ಬಾಕ್ಸನ್ನು ಬಿಚ್ಚಿ ಹರಡಿ, ಟೇಪಿನಿಂದ ಅಳೆಯಿರಿ. 1460 × 570 ಮಿ.ಮೀ. ಬಂತು ಎನ್ನಿ, 0.832 ಚದರ ಮೀಟರ್. ಫ್ಲೂಟ್ ಕಾಗದ ಅಲೆಯಾಗಿ ಮಡಿದಿರುವುದರಿಂದ ಒಂದು ಮೀಟರ್ ಹಾಳೆಗೆ ಒಂದು ಮೀಟರಿಗಿಂತ ಹೆಚ್ಚು ಕಾಗದ ಹಿಡಿಯುತ್ತದೆ. ಕಿರಿದಾದ ಬಿ ಫ್ಲೂಟಿಗೆ ಸುಮಾರು 1.35 ಪಟ್ಟು, ಸಿ ಫ್ಲೂಟಿಗೆ 1.43, ಅಗಲದ ಎ ಫ್ಲೂಟಿಗೆ 1.53. ಎರಡೂ ಬಿ ಫ್ಲೂಟ್ ಆದರೆ 150 + 162 + 120 + 162 + 120 = 714 ಗ್ರಾಂ. ಇದನ್ನು 0.832ರಿಂದ ಗುಣಿಸಿದರೆ 594 ಗ್ರಾಂ. ಒಣಗಿದ ಅಂಟಿಗೆ ಹದಿನಾರು ಹದಿನೇಳು ಗ್ರಾಂ ಸೇರಿಸಿ, ಸ್ಲಾಟ್‌ನಲ್ಲಿ (ಮುಚ್ಚಳಗಳ ನಡುವಿನ ಸೀಳು) ಕತ್ತರಿಸಿ ಹೋದ ಐದು ಗ್ರಾಂ ಕಳೆಯಿರಿ. 605 ಗ್ರಾಂ ಆಸುಪಾಸು ಬರಬೇಕು. ಶೇ 5 ಹೆಚ್ಚುಕಡಿಮೆ ಒಪ್ಪಬಹುದು. 540 ಬಂದರೆ ಒಂದಕ್ಕಿಂತ ಹೆಚ್ಚು ಪದರ 100 ಜಿಎಸ್‌ಎಂಗೆ ಇಳಿದಿದೆ ಎಂದೇ ಅರ್ಥ.

ಯಾವ ಪದರ ಎಂದು ತಿಳಿಯಬೇಕೆ? ಅಂಗೈಯಗಲದ ಎರಡು ತುಂಡುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ. ಪಿಷ್ಟದ ಅಂಟು ಬಿಟ್ಟು ಐದು ಪದರಗಳೂ ಕಳಚಿಕೊಳ್ಳುತ್ತವೆ. ಅಂಟಿನ ಲೋಳೆ ತೊಳೆದು, ಫ್ಲೂಟನ್ನು ನೇರ ಮಾಡಿ, ನೆರಳಿನಲ್ಲಿ ಒಣಗಿಸಿ ಒಂದು ದಿನ ಕೋಣೆಯ ಹವೆಗೆ ಬಿಡಿ. ಪ್ರತಿಯೊಂದರಿಂದ ಸರಿಯಾಗಿ 10 × 10 ಸೆಂ.ಮೀ. ಕತ್ತರಿಸಿ, ಚಿನ್ನ ತೂಗುವಂಥ 0.01 ಗ್ರಾಂ ತಕ್ಕಡಿಯಲ್ಲಿ ತೂಗಿ ನೂರರಿಂದ ಗುಣಿಸಿ. ಅದೇ ಜಿಎಸ್‌ಎಂ. ಆದರೆ ಒಂದು ಎಚ್ಚರಿಕೆ: ತೂಕ ಸರಿಯಿದ್ದರೂ ಬಿಎಫ್ ಕಡಿಮೆ ಇರಬಹುದು. ಕಡಿಮೆ ದರ್ಜೆಯ ರದ್ದಿಯಿಂದ ಮಾಡಿದ ಭಾರದ ಕಾಗದ ತಕ್ಕಡಿಯನ್ನು ಗೆಲ್ಲುತ್ತದೆ, ಭಾರವನ್ನು ಗೆಲ್ಲುವುದಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಐದು ಬಾಕ್ಸುಗಳನ್ನು ಕಂಪ್ರೆಷನ್ ಪರೀಕ್ಷೆಗೆ ಕಳುಹಿಸಿ, ಖರೀದಿ ಆದೇಶದಲ್ಲೂ ಆ ಅಂಕಿಯನ್ನೇ ಬರೆಯಿರಿ. ಕರುಗೇಟೆಡ್ ಬಾಕ್ಸಿಗೆ ಐಎಸ್ 2771, ಕ್ರಾಫ್ಟ್ ಕಾಗದಕ್ಕೆ ಐಎಸ್ 1397 ಎಂಬ ಭಾರತೀಯ ಮಾನಕಗಳಿವೆ. ಆದೇಶದಲ್ಲಿ ಅವನ್ನು ಉಲ್ಲೇಖಿಸಿದರೆ ತಕರಾರು ಬಂದಾಗ ಆಧಾರ ಸಿಗುತ್ತದೆ.

ಪ್ರಶ್ನೆ: ನಮ್ಮದು ಸೆಮಿ ಆಟೊಮ್ಯಾಟಿಕ್ ಘಟಕ. ಸಿಂಗಲ್ ಫೇಸರ್‌ಗೆ (ಫ್ಲೂಟ್ ಮಾಡಿ ಒಂದು ಲೈನರಿಗೆ ಅಂಟಿಸುವ ಯಂತ್ರ) ಪಿಷ್ಟದ ಗಮ್ ನಾವೇ ಕುದಿಸುತ್ತೇವೆ. ಅದನ್ನೇ ಉಳಿದ ಪದರ ಅಂಟಿಸುವ ಪೇಸ್ಟಿಂಗ್ ಯಂತ್ರಕ್ಕೂ ಹಾಕಿದರೆ ಮರುದಿನ ಲೈನರ್ ಕೈಯಲ್ಲೇ ಎದ್ದುಬರುತ್ತದೆ. ಜೊತೆಗೆ ಹಾಳೆ ಬಾಗುತ್ತದೆ. ಮಳೆಗಾಲದಲ್ಲಂತೂ ಹೇಳತೀರದು.
— ಬಾಕ್ಸ್ ತಯಾರಕರು, ಹುಬ್ಬಳ್ಳಿ

ಉತ್ತರ: ತೊಂದರೆಯ ಬೇರು ನಿಮ್ಮ ಪತ್ರದಲ್ಲೇ ಇದೆ. ಎರಡೂ ಕಡೆ ಒಂದೇ ಗಮ್ ಹಾಕುತ್ತಿದ್ದೀರಿ. ಸಿಂಗಲ್ ಫೇಸರ್‌ಗೆ ಮಾಡುವ ಗಮ್‌ನಲ್ಲಿ ಬಹುಪಾಲು ಪಿಷ್ಟ ಹಸಿಯಾಗಿಯೇ ತೇಲುತ್ತಿರುತ್ತದೆ. 160–180 ಡಿಗ್ರಿ ಸೆಲ್ಸಿಯಸ್ ಬಿಸಿಯ ರೋಲುಗಳ ನಡುವೆ ಅದು ಕ್ಷಣಮಾತ್ರದಲ್ಲಿ ಬೆಂದು ಗಂಜಿಯಾಗಿ ಹಿಡಿಯುತ್ತದೆ. ಪೇಸ್ಟಿಂಗ್ ಯಂತ್ರದಲ್ಲಿ ಬಿಸಿಯೇ ಇಲ್ಲ. ಹಸಿ ಪಿಷ್ಟ ಹಸಿಯಾಗಿಯೇ ಒಣಗಿ ಪುಡಿಯಾಗುತ್ತದೆ. ತಣ್ಣಗಿನ ಪೇಸ್ಟಿಂಗಿಗೆ ಪೂರ್ತಿ ಬೆಂದ ಪಿಷ್ಟ, ಅಥವಾ ತಣ್ಣೀರಿನಲ್ಲೇ ಕರಗುವಂತೆ ಮಾರ್ಪಡಿಸಿದ ರೆಡಿಮೇಡ್ ಪೇಸ್ಟಿಂಗ್ ಗಮ್ ಪುಡಿ ಬೇಕು. ಎರಡು ಡ್ರಮ್‌ಗಳನ್ನು ಬೇರೆಬೇರೆ ಇಟ್ಟು ಬಣ್ಣ ಬಳಿದು ಗುರುತಿಸಿ.

ಸಿಂಗಲ್ ಫೇಸರ್ ಗಮ್‌ನ ಒಂದು ಅಳತೆ ಹೀಗೆ, ಒಟ್ಟು 60 ಕೆಜಿ ಮೆಕ್ಕೆಜೋಳದ ಪಿಷ್ಟಕ್ಕೆ. ಮೊದಲ ಪಾತ್ರೆಯಲ್ಲಿ 60 ಲೀಟರ್ ನೀರು, 10 ಕೆಜಿ ಪಿಷ್ಟ. 55–60 ಡಿಗ್ರಿಗೆ ಬಿಸಿಮಾಡಿ. ಒಂದೂವರೆಯಿಂದ 1.8 ಕೆಜಿ ಕಾಸ್ಟಿಕ್ ಸೋಡಾವನ್ನು ಬೇರೆ 5 ಲೀಟರ್ ನೀರಿನಲ್ಲಿ ಕರಗಿಸಿ ನಿಧಾನವಾಗಿ ಸೇರಿಸಿ, ಕಾಲು ಗಂಟೆ ಕದಡಿದರೆ ಪಾರದರ್ಶಕ ಲೋಳೆಯಾಗುತ್ತದೆ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಸಿಡಿದರೆ ಕಣ್ಣು ಹೋಗುತ್ತದೆ. ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಯಾರನ್ನೂ ಆ ಪಾತ್ರೆಯ ಬಳಿ ಬಿಡಬೇಡಿ. ಎರಡನೇ ಪಾತ್ರೆಯಲ್ಲಿ 155 ಲೀಟರ್ ನೀರು, 1.2ರಿಂದ 1.5 ಕೆಜಿ ಬೋರಾಕ್ಸ್, 50 ಕೆಜಿ ಪಿಷ್ಟ. ಇದರ ಬಿಸಿ 35 ಡಿಗ್ರಿ ಮೀರಬಾರದು. ಮೊದಲ ಪಾತ್ರೆಯ ಲೋಳೆಯನ್ನು ಎರಡನೆಯದಕ್ಕೆ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಸಣ್ಣ ಧಾರೆಯಾಗಿ, ಕದಡುತ್ತಲೇ ಬಿಡಬೇಕು. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಲೋಳೆಯ ಕೆಲಸ ಹಸಿ ಪಿಷ್ಟ ತಳ ಸೇರದಂತೆ ಹಿಡಿದಿಡುವುದು. ಕಾಸ್ಟಿಕ್ ಬೇಯುವ ಬಿಸಿಯನ್ನು ಇಳಿಸುತ್ತದೆ, ಬೋರಾಕ್ಸ್ ಒಡನೆ ಹಿಡಿಯುವ ಜಿಗುಟು ಕೊಡುತ್ತದೆ. ಸಿದ್ಧವಾದ ಗಮ್ 60–63 ಡಿಗ್ರಿಯಲ್ಲಿ ಬೇಯಬೇಕು. ಒಂದು ಲೋಟದಲ್ಲಿ ತೆಗೆದುಕೊಂಡು ಬಿಸಿನೀರಿನಲ್ಲಿಟ್ಟು, ಥರ್ಮಾಮೀಟರ್‌ನಿಂದ ಕದಡುತ್ತಾ ಗಟ್ಟಿಯಾಗುವ ಕ್ಷಣ ನೋಡಿ. ಕಾಸ್ಟಿಕ್ ಹೆಚ್ಚಾದರೆ ಗಮ್ ತೊಟ್ಟಿಯಲ್ಲೇ ದಪ್ಪಗಾಗುತ್ತದೆ, ಕಡಿಮೆಯಾದರೆ ರೋಲಿನ ಬಿಸಿ ಸಾಲುವುದಿಲ್ಲ.

ಅಂಟು ಬಿಟ್ಟ ಹಾಳೆಯನ್ನು ಎಸೆಯುವ ಮೊದಲು ಓದಿ. ಲೈನರ್ ಎತ್ತಿದಾಗ ನಾರು ಕಿತ್ತುಬಂದರೆ ಅಂಟು ಸರಿಯಿದೆ, ಕಾಗದ ದುರ್ಬಲ. ಫ್ಲೂಟಿನ ತುದಿಯಲ್ಲಿ ಬಿಳಿ ಪುಡಿಯ ಗೆರೆ ಕಂಡರೆ ಪಿಷ್ಟ ಬೆಂದಿಲ್ಲ, ರೋಲು ತಣ್ಣಗಿದೆ ಅಥವಾ ವೇಗ ಹೆಚ್ಚು. ಹೊಳೆಯುವ ಗಟ್ಟಿ ಗೆರೆಯಿದ್ದು ನಾರು ಹಿಡಿದಿಲ್ಲವಾದರೆ ಲೈನರ್ ತಾಗುವ ಮೊದಲೇ ಅಂಟು ಒಣಗಿದೆ, ಇಲ್ಲವೇ ಆ ಕಾಗದ ನೀರು ಹೀರುವುದಿಲ್ಲ. ಗೆರೆಯೇ ಕಾಣದಿದ್ದರೆ ಅಯೋಡಿನ್ ದ್ರಾವಣದ ಹನಿ ಹಾಕಿ. ಪಿಷ್ಟ ಇದ್ದಲ್ಲಿ ಕಡುನೀಲಿ ಬರುತ್ತದೆ. ಒಂದು ಅಂಚಿನಲ್ಲಿ ಮಾತ್ರ ನೀಲಿ ಇಲ್ಲದಿದ್ದರೆ ಗಮ್ ರೋಲು ಸಮಾನಾಂತರವಾಗಿಲ್ಲ. ಗೆರೆ ಬಿಟ್ಟು ಬಿಟ್ಟು ಬಂದರೆ ಫ್ಲೂಟ್ ರೋಲು ಸವೆದು ಎತ್ತರ ತಗ್ಗು ಆಗಿದೆ. ಅದಕ್ಕೆ ಗಮ್ ಹೆಚ್ಚಿಸುವುದು ಮದ್ದಲ್ಲ.

ಬಾಗುವಿಕೆಗೆ ನಿಯಮ ಒಂದೇ: ಅಂಟಿಸುವಾಗ ಯಾವ ಕಡೆ ಹೆಚ್ಚು ಒದ್ದೆಯಿತ್ತೋ ಒಣಗಿದ ಮೇಲೆ ಹಾಳೆ ಆ ಕಡೆಗೇ ಬಾಗುತ್ತದೆ. ಒದ್ದೆ ಕಾಗದ ಹಿಗ್ಗಿದ ಸ್ಥಿತಿಯಲ್ಲಿ ಅಂಟಿಕೊಂಡು, ಆಮೇಲೆ ಕುಗ್ಗಿ ಹಾಳೆಯನ್ನು ತನ್ನತ್ತ ಎಳೆಯುತ್ತದೆ. ಪೇಸ್ಟಿಂಗಿನಲ್ಲಿ ಗಮ್ ತೆಳು ಪದರವಾಗಿ ಹೋಗಲಿ, ನೀರು ಕಡಿಮೆ ಇರಲಿ. ರೀಲುಗಳ ತೇವಾಂಶವನ್ನು ಸೂಜಿ ಮೀಟರ್‌ನಿಂದ ನೋಡಿ. ಶೇ 7ರಿಂದ 9 ಸರಿ. ಒಂದು 6, ಇನ್ನೊಂದು 11 ಇದ್ದರೆ ಜೊತೆಗೂಡಿಸಬೇಡಿ. ಅಂಟಿಸಿದ ಹಾಳೆಗಳನ್ನು ಹತ್ತು ಹತ್ತರಂತೆ ಮುಖ ತಿರುಗಿಸಿ ಒಟ್ಟಿ, ಮೇಲೆ ಸಮನಾದ ಭಾರ ಹೇರಿ ರಾತ್ರಿಯಿಡೀ ಬಿಡಿ. ಮಳೆಗಾಲದಲ್ಲಿ ಇನ್ನೊಂದು ದಿನ ಬೇಕು, ಒಟ್ಟಿಲುಗಳ ನಡುವೆ ಗಾಳಿಯಾಡಲು ಜಾಗವೂ ಬೇಕು. ಒದ್ದೆ ಹಾಳೆಯನ್ನೇ ಕ್ರೀಸಿಂಗಿಗೆ (ಮಡಿಕೆಯ ಗೆರೆ ಒತ್ತಲು) ಹಾಕಿದರೆ ಫ್ಲೂಟ್ ಜಜ್ಜಿಹೋಗುತ್ತದೆ. ಮೊದಲ ಪ್ರಶ್ನೆಯ ಕಾರ್ಕಳದ ಬಾಕ್ಸಿನಂಥದ್ದು ಕುಸಿಯುವುದಕ್ಕೆ ಅರ್ಧ ಕಾರಣ ಇಲ್ಲಿಯೇ ಹುಟ್ಟಿರುತ್ತದೆ.

ಪ್ರಶ್ನೆ: ಗಿರಾಕಿ ಕೊಡುವ 400 × 300 × 250 ಅಳತೆಗೆ ಸರಿಯಾಗಿ ಕ್ರೀಸ್ ಹಾಕಿದರೂ ಮಾಲು ಬಿಗಿಯಾಗುತ್ತದೆ.
— ಓದುಗರು, ದಾವಣಗೆರೆ

ಉತ್ತರ: ಬಾಕ್ಸಿನ ಅಳತೆ ಯಾವಾಗಲೂ ಒಳ ಅಳತೆ, ಉದ್ದ, ಅಗಲ, ಎತ್ತರ ಎಂಬ ಕ್ರಮದಲ್ಲಿ. ಮಡಿಸಿದಾಗ ಹಾಳೆಯ ದಪ್ಪ ಒಳಜಾಗವನ್ನು ತಿನ್ನುತ್ತದೆ. 6 ಮಿ.ಮೀ.ನ 5 ಪ್ಲೈ ಹಾಳೆಗೆ ಪ್ಯಾನೆಲ್‌ಗಳು 406, 306, 406, ಕೊನೆಯದು 303, ಜೋಡಣೆಯ ಪಟ್ಟಿ 40. ಒಟ್ಟು 1461. ಎತ್ತರಕ್ಕೆ ದಪ್ಪದ ಎರಡರಷ್ಟು ಸೇರಿಸಿ 262, ಮೇಲೆ ಕೆಳಗೆ ತಲಾ 153ರ ಮುಚ್ಚಳ. ಒಟ್ಟು 568. ಕೊನೆಯ ಪ್ಯಾನೆಲ್ ಕಿರಿದಾಗಿರುವುದು ಜೋಡಣೆ ಒಳಗೆ ಕೂರಲೆಂದು. ಫ್ಲೂಟಿನ ಗೆರೆ ಬಾಕ್ಸಿನ ಎತ್ತರದ ದಿಕ್ಕಿಗೇ ನಿಲ್ಲಬೇಕು. ರೀಲಿನ ಅಗಲ ಉಳಿಸಲು ಅಡ್ಡ ಹಾಕಿದರೆ ಬಾಕ್ಸ್ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಪ್ರಶ್ನೆ: ಅಗರಬತ್ತಿಯ ಕಾರ್ಟನ್ ಮಡಿಸುವಲ್ಲಿ ಬಣ್ಣ ಬಿರಿದು ಬಿಳಿ ಗೆರೆ ಕಾಣುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೆಚ್ಚು. 300 ಜಿಎಸ್‌ಎಂ ಗ್ರೇ ಬ್ಯಾಕ್ ಡ್ಯೂಪ್ಲೆಕ್ಸ್ (ಹಿಂಬದಿ ಬೂದು ಬಣ್ಣದ ಬೋರ್ಡ್).
— ಮುದ್ರಣಾಲಯದವರು, ಮೈಸೂರು

ಉತ್ತರ: ಮೂರು ಕಡೆ ನೋಡಿ. ಮೊದಲು ಕ್ರೀಸ್. ಬೋರ್ಡ್ ದಪ್ಪ 0.4 ಮಿ.ಮೀ. ಎಂದಾದರೆ ಮ್ಯಾಟ್ರಿಕ್ಸ್, ಅಂದರೆ ಬೋರ್ಡಿನ ಕೆಳಗಿನ ಅಚ್ಚಿನ, ಕಾಲುವೆಯ ಅಗಲ ಬೋರ್ಡಿನ ಒಂದೂವರೆ ಪಟ್ಟು ಮತ್ತು ಕ್ರೀಸ್ ಪಟ್ಟಿಯ ದಪ್ಪ ಕೂಡಿದಷ್ಟು: 0.6 + 0.7 = 1.3 ಮಿ.ಮೀ. ಆಳ ಬೋರ್ಡಿನ ದಪ್ಪದಷ್ಟೇ, 0.4. ಕತ್ತರಿಸುವ ಬ್ಲೇಡ್ 23.8 ಮಿ.ಮೀ. ಎತ್ತರದ್ದಾದರೆ ಕ್ರೀಸ್ ಪಟ್ಟಿ 23.4. ಸರಿಯಾದ ಕ್ರೀಸ್ ಮಡಿಸಿದಾಗ ಒಳಗಡೆ ದುಂಡನೆಯ ಉಬ್ಬು ಏಳುತ್ತದೆ. ಬೋರ್ಡಿನ ಪದರಗಳು ಒಳಗೆ ಬಿಡಿಸಿಕೊಳ್ಳುವುದರಿಂದಲೇ ಹೊರಮೈ ಹರಿಯದೆ ಉಳಿಯುತ್ತದೆ. ಉಬ್ಬು ಇಲ್ಲದೆ ಮೂಲೆ ಚೂಪಾಗಿದ್ದರೆ ಕ್ರೀಸ್ ಆಗಿಲ್ಲ. ಹೊಸ ಬೋರ್ಡ್ ಬಂದಾಗ ಹಳೆಯ ಮ್ಯಾಟ್ರಿಕ್ಸ್‌ನಲ್ಲೇ ಪಂಚಿಂಗ್ (ಕತ್ತರಿಸಿ ಕ್ರೀಸ್ ಒತ್ತುವುದು) ಮಾಡುವುದು ಅತಿ ಸಾಮಾನ್ಯ ತಪ್ಪು. ಅದೇ ಜಿಎಸ್‌ಎಂನ ಎಫ್‌ಬಿಬಿ (ಫೋಲ್ಡಿಂಗ್ ಬಾಕ್ಸ್ ಬೋರ್ಡ್) ಡ್ಯೂಪ್ಲೆಕ್ಸ್‌ಗಿಂತ ದಪ್ಪ ಇರುತ್ತದೆ. ಮೈಕ್ರೋಮೀಟರ್‌ನಿಂದ ಅಳೆಯದೆ ಜಿಎಸ್‌ಎಂ ನಂಬಬೇಡಿ.

ಎರಡನೆಯದು ಗ್ರೇನ್, ಅಂದರೆ ನಾರಿನ ದಿಕ್ಕು. ಅದು ಕಾರ್ಟನ್ನಿನ ಸುತ್ತ ಹೋಗಬೇಕು, ಉದ್ದನೆಯ ಮಡಿಕೆಗಳಿಗೆ ಅಡ್ಡವಾಗಿ. ಆಗ ಗೋಡೆ ಉಬ್ಬುವುದಿಲ್ಲ. ಪತ್ತೆಗೆ ಬೋರ್ಡಿನ ಚೌಕ ತುಂಡನ್ನು ಒಂದೇ ಮೈಗೆ ಒದ್ದೆ ಮಾಡಿ. ಅದು ಸುರುಳಿಯಾಗುವಾಗ ಕೊಳವೆಯ ಉದ್ದವೇ ಗ್ರೇನ್ ದಿಕ್ಕು. ಹಾಳೆಯಲ್ಲಿ ಇನ್ನೊಂದು ಕಾರ್ಟನ್ ಹೆಚ್ಚು ಕೂರಲಿ ಎಂದು ವಿನ್ಯಾಸವನ್ನು ತಿರುಗಿಸಿದರೆ ಉಳಿಸಿದ ಹಣ ವಾಪಸು ಬಂದ ಮಾಲಿನಲ್ಲಿ ಹೋಗುತ್ತದೆ.

ಮೂರನೆಯದು ಒಣ ಹವೆ, ನಿಮ್ಮ ತಿಂಗಳುಗಳು ಅದನ್ನೇ ಹೇಳುತ್ತಿವೆ. ತೇವ ಕಳೆದುಕೊಂಡ ಬೋರ್ಡ್ ಗಡುಸಾಗಿ ಬಿರಿಯುತ್ತದೆ. ಪಂಚಿಂಗ್ ಕೋಣೆಯ ತೇವಾಂಶ ಶೇ 50–60 ಇರಲಿ. ರೀಮಿನ ಹೊದಿಕೆಯನ್ನು ಒಂದು ದಿನ ಕೋಣೆಯಲ್ಲಿಟ್ಟ ಮೇಲೆ ಮಾತ್ರ ಬಿಚ್ಚಿ. ಕ್ರೀಸ್ ಬರುವಲ್ಲಿ ದಟ್ಟ ಬಣ್ಣ ಮತ್ತು ದಪ್ಪ ಯುವಿ ವಾರ್ನಿಷ್ ಎರಡೂ ಕೂಡಿದರೆ ಎಂಥ ಕ್ರೀಸೂ ಉಳಿಸಲಾರದು. ಅಲ್ಲಿ ನೀರು ಆಧಾರಿತ ಮೃದು ವಾರ್ನಿಷ್ ಅಥವಾ ಲ್ಯಾಮಿನೇಷನ್ ಒಳ್ಳೆಯದು. ಹೀಗೆ ಒಂದೇ ಒತ್ತಿಗೆ ಕತ್ತರಿಸಿ ಕ್ರೀಸ್ ಮಾಡುವ ವಿಧಾನ ಬಂದದ್ದೇ ಆಕಸ್ಮಿಕದಿಂದ: ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 1879ರಲ್ಲಿ ರಾಬರ್ಟ್ ಗೇರ್ ಅವರ ಕಾರ್ಖಾನೆಯಲ್ಲಿ ಚೀಲ ಮುದ್ರಿಸುವಾಗ ಮೇಲಕ್ಕೆದ್ದಿದ್ದ ಲೋಹದ ಪಟ್ಟಿಯೊಂದು ಕಾಗದವನ್ನು ಕತ್ತರಿಸಿತು. ಪಟ್ಟಿಗಳ ಎತ್ತರದ ವ್ಯತ್ಯಾಸದಿಂದಲೇ ಎರಡೂ ಕೆಲಸ ಆಗುತ್ತದೆಂದು ಅವರು ಕಂಡುಕೊಂಡರು. ನಿಮ್ಮ 23.8 ಮತ್ತು 23.4ರ ಲೆಕ್ಕವೂ ಅದೇ.

ಪ್ರಶ್ನೆ: ಲ್ಯಾಮಿನೇಷನ್ ಮಾಡಿದ ಕಾರ್ಟನ್ನಿನ ಅಂಟುಪಟ್ಟಿ ವಾರದಲ್ಲಿ ಬಿಟ್ಟುಕೊಳ್ಳುತ್ತದೆ.
— ಓದುಗರು, ಶಿವಮೊಗ್ಗ

ಉತ್ತರ: ಮಾಮೂಲಿ ಬಿಳಿ ಅಂಟು ಕಾಗದದೊಳಗೆ ಇಳಿದು ಹಿಡಿಯುವಂಥದು, ಲ್ಯಾಮಿನೇಷನ್ನಿನ ಬಿಒಪಿಪಿ ಪ್ಲಾಸ್ಟಿಕ್ ಫಿಲ್ಮ್ ಒಳಗೆ ಅದು ಇಳಿಯಲಾರದು. ಅಂಟುಪಟ್ಟಿ ಕೂರುವ ಜಾಗದಲ್ಲಿ ಫಿಲ್ಮನ್ನು ತೂತುತೂತಾಗಿ ಚುಚ್ಚುವ ಪರ್ಫೊರೇಷನ್ ಪಟ್ಟಿಯನ್ನು ಡೈಯಲ್ಲೇ (ಕತ್ತರಿಸುವ ಅಚ್ಚಿನಲ್ಲೇ) ಕೂರಿಸಿ, ಅಥವಾ ಫಿಲ್ಮಿಗೆಂದೇ ಇರುವ ಅಂಟು ಬಳಸಿ. ಆ ಅಂಟಿಗೂ ಹೊರಮೈಗೆ ಕರೋನಾ (ವಿದ್ಯುತ್ ಕಿಡಿಯ) ಉಪಚಾರ ಆದ, ಅಂಟು ಹರಡಿಕೊಳ್ಳುವ ಗುಣದ ಅಳತೆ ಕನಿಷ್ಠ 38 ಡೈನ್ ಇರುವ ಫಿಲ್ಮ್ ಬೇಕು. ವಾರ್ನಿಷ್ ಆದರೆ ಅಂಟುಪಟ್ಟಿಯ ಜಾಗವನ್ನು ಖಾಲಿ ಬಿಡಿಸಿದರೆ ಮುಗಿಯಿತು.

ಪ್ರಶ್ನೆ: ಕರದಂಟು, ಮೈಸೂರು ಪಾಕ್ ಬಾಕ್ಸಿಗೆ ತುಪ್ಪ ಒಸರಿ ಹೊರಗೆ ಕಲೆಯಾಗುತ್ತದೆ. ಇನ್ನೂ ದಪ್ಪ ಬೋರ್ಡ್ ಹಾಕಿಸಬೇಕೆ?
— ಸಿಹಿತಿಂಡಿ ಅಂಗಡಿಯವರು, ಗೋಕಾಕ

ಉತ್ತರ: ದಪ್ಪ ಬೋರ್ಡ್ ಕಲೆಯನ್ನು ಒಂದು ದಿನ ಮುಂದೂಡುತ್ತದೆ, ಅಷ್ಟೇ. ಗ್ರೇ ಬ್ಯಾಕ್ ಬೋರ್ಡಿನ ಬೂದು ಮೈ ರದ್ದಿ ಕಾಗದದ್ದು, ಅದರಲ್ಲಿ ಹಳೆಯ ಮುದ್ರಣದ ಶಾಯಿಯ ಖನಿಜ ತೈಲದ ಅಂಶ ಉಳಿದಿರುತ್ತದೆ. ಜಿಡ್ಡಿನ ತಿಂಡಿಗೆ ಅದು ನೇರವಾಗಿ ತಾಗಲೇಬಾರದು. ಕಲೆಗಿಂತ ದೊಡ್ಡ ಚಿಂತೆ ಇದು. ಪತ್ರಿಕೆಯ ಹಾಳೆಯಲ್ಲಿ ಆಹಾರ ಕಟ್ಟುವುದನ್ನು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 2018ರ ಪ್ಯಾಕೇಜಿಂಗ್ ನಿಯಮಗಳಲ್ಲಿ ನಿಷೇಧಿಸಿದ್ದಕ್ಕೂ ಶಾಯಿಯ ಭಯವೇ ಕಾರಣ.

ನಿಮಗೆ ಬೇಕಾದದ್ದು ಹೊಸ ತಿರುಳಿನ ಎಫ್‌ಬಿಬಿ ಅಥವಾ ಎಸ್‌ಬಿಎಸ್ (ಪೂರ್ತಿ ಬಿಳುಪಾಗಿಸಿದ ತಿರುಳಿನ) ಬೋರ್ಡ್, ಒಳಗೆ ಜಿಡ್ಡು ತಡೆಯುವ ಗ್ರೀಸ್‌ಪ್ರೂಫ್ ಹಾಳೆ. ಅಂಗಡಿಯಲ್ಲಿ ಬಟರ್ ಪೇಪರ್ ಹೆಸರಿನಲ್ಲಿ ಬಗೆಬಗೆಯದು ಸಿಗುತ್ತದೆ. ಎಲ್ಲವೂ ತುಪ್ಪ ತಡೆಯುವುದಿಲ್ಲ. ಪರೀಕ್ಷೆ ಸುಲಭ. ಹಾಳೆಯನ್ನು ಬಿಳಿ ಕಾಗದದ ಮೇಲಿಟ್ಟು, ಬೆಚ್ಚಗಿನ ತುಪ್ಪದ ನಾಲ್ಕಾರು ಹನಿ ಹಾಕಿ, ಮೇಲೆ ಮುಚ್ಚಿ ಒಂದು ದಿನ ಬಿಡಿ. ಕೆಳಗಿನ ಕಾಗದದಲ್ಲಿ ಪಾರದರ್ಶಕ ಚುಕ್ಕೆ ಬಂದರೆ ಆ ಹಾಳೆ ಬೇಡ. ಮಡಿಸಿದ ಗೆರೆಯ ಮೇಲೂ ಪರೀಕ್ಷೆ ಮಾಡಿ, ಹೆಚ್ಚಿನವು ಸೋರುವುದು ಅಲ್ಲೇ. ಹಾಳೆ ಬಾಕ್ಸಿನ ತಳಕ್ಕಷ್ಟೇ ಸಾಲದು, ನಾಲ್ಕೂ ಗೋಡೆ ಹತ್ತಬೇಕು. ಬೋರ್ಡಿನ ಕತ್ತರಿಸಿದ ಅಂಚು ಬತ್ತಿಯ ಹಾಗೆ ತುಪ್ಪ ಎಳೆಯುತ್ತದೆ. ಜಿಡ್ಡು ತಡೆಯಲು ಕೆಲವು ಕಾಗದಗಳಿಗೆ ಫ್ಲೋರಿನ್ ರಾಸಾಯನಿಕ ಬಳಿಯುತ್ತಾರೆ. ಡೆನ್ಮಾರ್ಕ್ ಇದನ್ನು ಆಹಾರದ ಕಾಗದದಲ್ಲಿ 2020ರಿಂದ ನಿಷೇಧಿಸಿದೆ. ಅದಿಲ್ಲದ ಹಾಳೆ ಎಂದು ಪೂರೈಕೆದಾರರಿಂದ ಬರವಣಿಗೆಯಲ್ಲಿ ಪಡೆಯಿರಿ. ಸಿಹಿ ಪೂರ್ತಿ ಆರಿದ ಮೇಲೆ ತುಂಬುವುದೂ ಅಷ್ಟೇ ಮುಖ್ಯ.

ಪ್ರಶ್ನೆ: ಬಾಕ್ಸಿನ ಮೇಲೆ ಮುದ್ರಿಸಿದ ನಂತರ ಅದು ಮೆತ್ತಗಾಗುತ್ತದೆ ಎನ್ನುತ್ತಾರೆ. ನಿಜವೇ?
— ಓದುಗರು, ತುಮಕೂರು

ಉತ್ತರ: ನಿಜ. ತಪ್ಪು ಶಾಯಿಯದ್ದಲ್ಲ, ಒತ್ತಡದ್ದು. ಅಕ್ಷರ ಸರಿಯಾಗಿ ಮೂಡದಿದ್ದಾಗ ಯಂತ್ರದವರು ಪ್ಲೇಟನ್ನು ಇನ್ನಷ್ಟು ಒತ್ತುತ್ತಾರೆ, ಫ್ಲೂಟ್ ಜಜ್ಜುತ್ತದೆ. ಹಾಳೆಯ ದಪ್ಪವನ್ನು ಮುದ್ರಣಕ್ಕೆ ಮೊದಲು ಮತ್ತು ನಂತರ ಅಳೆದು ಬರೆದಿಡಿ. ಜಜ್ಜಿದ ಫ್ಲೂಟ್ ಸ್ವಲ್ಪ ಹೊತ್ತಿನ ಮೇಲೆ ಮೇಲೆದ್ದು ದಪ್ಪ ಸರಿಯಿದೆ ಎಂದು ತೋರಿಸುವುದೂ ಉಂಟು, ಆದ್ದರಿಂದ ಯಂತ್ರದಿಂದ ಬಂದ ಕೂಡಲೇ ಅಳೆಯಿರಿ. ಅಕ್ಷರ ಮೂಡದಿರಲು ಕಾರಣ ಹೆಚ್ಚಾಗಿ ಶಾಯಿಯ ಹದ. ನೀರಿನ ಶಾಯಿಯ ಪಿಎಚ್ 8.5–9.5 ಇರಬೇಕು. ತೊಟ್ಟಿ ತೆರೆದಿಟ್ಟರೆ ಶಾಯಿಯಲ್ಲಿನ ಅಮೈನ್ (ಕ್ಷಾರದ ಅಂಶ) ಆವಿಯಾಗಿ ಪಿಎಚ್ ಇಳಿದು ಶಾಯಿ ದಪ್ಪಗಾಗುತ್ತದೆ. ನೀರು ಬೆರೆಸುವ ಮೊದಲು ಪಿಎಚ್ ಸರಿಮಾಡಿ.

ಪ್ರಶ್ನೆ: ಕಾಗದ ಎಷ್ಟು ನೀರು ಹೀರುತ್ತದೆಂದು ನಮ್ಮಲ್ಲೇ ಅಳೆಯಬಹುದೇ? ಬಾಕ್ಸ್ ಪರೀಕ್ಷೆಗೆ ಎಲ್ಲಿಗೆ ಕಳುಹಿಸಬೇಕು?
— ಓದುಗರು, ಬೆಳಗಾವಿ

ಉತ್ತರ: ಅಳೆಯಬಹುದು. ಇದು ಕಾಬ್ ಪರೀಕ್ಷೆ. 100 ಚದರ ಸೆಂ.ಮೀ. ಬಾಯಿಯ ಉಂಗುರವನ್ನು ತೂಗಿದ ಕಾಗದದ ಮೇಲೆ ಬಿಗಿದು, 100 ಮಿ.ಲೀ. ನೀರು ಹಾಕಿ. 45 ಸೆಕೆಂಡಿಗೆ ನೀರು ಚೆಲ್ಲಿ, 60ನೇ ಸೆಕೆಂಡಿಗೆ ಒತ್ತುಕಾಗದ ಹಾಕಿ 10 ಕೆಜಿ ರೋಲರನ್ನು ಒಮ್ಮೆ ಹೋಗಿ ಒಮ್ಮೆ ಬರುವಂತೆ ಉರುಳಿಸಿ, ಮತ್ತೆ ತೂಗಿ. ಹೆಚ್ಚಾದ ಗ್ರಾಂ ಅನ್ನು ನೂರರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ಹೀರಿದ ನೀರು. ಹೊರ ಲೈನರ್‌ಗೆ ಇದು ಕಡಿಮೆ ಇರಲಿ, ಆದರೆ ತೀರಾ ಕಡಿಮೆಯಾದರೆ ಪಿಷ್ಟದ ಅಂಟು ಹಿಡಿಯುವುದಿಲ್ಲ. ಅಂಟಿಸುವ ಮೈಯನ್ನೂ ಬೇರೆಯಾಗಿ ಪರೀಕ್ಷಿಸಿ. ಒಂದು ಮಾತು: ಕಾಬ್ ಹೇಳುವುದು ಸುರಿಯುವ ನೀರಿನ ಬಗ್ಗೆ ಮಾತ್ರ. ಗಾಳಿಯಲ್ಲಿನ ತೇವ ಎಂಥ ಕಾಗದದೊಳಗೂ ನುಸುಳುತ್ತದೆ. ಕಾಬ್ ಒಳ್ಳೆಯದಿದೆ ಎಂದು ಕರಾವಳಿಯ ಉಗ್ರಾಣದಲ್ಲಿ ಎತ್ತರಕ್ಕೆ ಒಟ್ಟಬೇಡಿ.

1966ರಲ್ಲಿ ಮುಂಬೈಯಲ್ಲಿ ಶುರುವಾದ ಭಾರತೀಯ ಪ್ಯಾಕೇಜಿಂಗ್ ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲೂ ಇದೆ. ಆಹಾರದ ಪ್ಯಾಕಿಂಗ್ ಕುರಿತಾದರೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಯಲ್ಲಿ ಅದಕ್ಕೆಂದೇ ವಿಭಾಗವಿದೆ. ಮಾದರಿ ಕಳುಹಿಸುವಾಗ ಮಡಿಸದ, ಮುದ್ರಣವಾದ, ಯಂತ್ರದಿಂದ ಈಗಷ್ಟೇ ಬಂದ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಎರಡು ಗಟ್ಟಿ ಹಲಗೆಗಳ ನಡುವೆ ಕಟ್ಟಿ. ಕಂಪ್ರೆಷನ್ ಪರೀಕ್ಷೆಗೆ ಒಂದೇ ಬಾಕ್ಸ್ ಸಾಲದು, ಐದಾದರೂ ಇರಲಿ. ಪರೀಕ್ಷೆಯನ್ನು 27 ಡಿಗ್ರಿ, ಶೇ 65 ತೇವಾಂಶದಲ್ಲಿ ಮಾಡಿದರೋ, 23 ಡಿಗ್ರಿ, ಶೇ 50ರಲ್ಲಿ ಮಾಡಿದರೋ ಎಂದು ವರದಿಯಲ್ಲಿ ನೋಡಿ. ಅದೇ ಬಾಕ್ಸ್ ಎರಡನೆಯದರಲ್ಲಿ ಹೆಚ್ಚು ಅಂಕಿ ತೋರಿಸುತ್ತದೆ, ಇಬ್ಬರು ಪೂರೈಕೆದಾರರ ವರದಿಗಳನ್ನು ಹೋಲಿಸುವಾಗ ಮೊದಲು ಪರಿಶೀಲಿಸಬೇಕಾದ ಸಾಲು ಅದೇ.